ಕಡಿಮೆ ಹಣಕ್ಕೆ ಸಾಗಿಸಬಲ್ಲ ಟೇಬಲ್ ಸಾ: ಮೂರು ಯಂತ್ರಗಳ ಹೋಲಿಕೆ

ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ಮೇಲೆದ್ದು ತಿರುಗುವ ಬ್ಲೇಡಿನ ಗರಗಸ ಯಂತ್ರ, ಕೊಳ್ಳಹೊರಟವರ ಕಣ್ಣು ಮೊದಲು ಬೀಳುವುದು ಬ್ಲೇಡಿನ ವ್ಯಾಸದ ಮೇಲೆ, ಆಮೇಲೆ ಮೋಟರಿನ ವಾಟ್ ಮೇಲೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವುದೂ ಇವೆರಡೇ. ಆದರೆ ಮೂರು ಬಗೆಯ ಯಂತ್ರಗಳಲ್ಲಿ ಒಂದೇ ತರದ ಕೆಲಸಗಳನ್ನು ಮಾಡಿ, ಬಂದ ತುಂಡುಗಳನ್ನು ಅಳೆದು ನೋಡಿದ ಮೇಲೆ, ಕೈಯಲ್ಲಿರುವ ಹಣ ಕಡಿಮೆಯಾದಷ್ಟೂ ಮೊದಲು ನೋಡಬೇಕಾದದ್ದು ಫೆನ್ಸ್ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಮರವನ್ನು ಬ್ಲೇಡಿಗೆ ಸಮಾನಾಂತರವಾಗಿ ನಡೆಸುವ ಆ ಉದ್ದನೆಯ ಆನಿಕೆ ಪಟ್ಟಿ ನೆಟ್ಟಗಿಲ್ಲದಿದ್ದರೆ, ಎಂಥ ಬಲಿಷ್ಠ ಮೋಟರೂ ಸೊಟ್ಟ ಹಲಗೆಯನ್ನು ಬೇಗ ಕೊಯ್ದು ಕೊಡುತ್ತದೆ, ಅಷ್ಟೇ. ಈ ಮಾತಿಗೆ ಆಧಾರವೇನು, ಯಾವ ಕೆಲಸದಲ್ಲಿ ಯಾವ ಯಂತ್ರ ಮೇಲಾಯಿತು, ಎಲ್ಲಿ ಚಿಕ್ಕ ಯಂತ್ರ ಸೋಲುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಹೋಲಿಸಿದ ಯಂತ್ರಗಳು ಇವು. ಮೊದಲನೆಯದು ಅತಿ ಕಡಿಮೆ ಬೆಲೆಯ ವರ್ಗಕ್ಕೆ ಸೇರಿದ್ದು: 254 ಮಿ.ಮೀ. ಬ್ಲೇಡು, ಬೋಲ್ಟು ಹಾಕಿ ಜೋಡಿಸುವ ತೆಳು ಉಕ್ಕಿನ ಕಾಲುಗಳು, ಹಳಿಯ ಮೇಲೆ ಕೈಯಿಂದ ಜಾರಿಸಿ ಬಿಗಿಯುವ ಫೆನ್ಸ್. ಈ ವರ್ಗದ ಯಂತ್ರಗಳು ಹಲವು ಹೆಸರುಗಳಲ್ಲಿ, ಹೆಚ್ಚುಕಡಿಮೆ ಒಂದೇ ರಚನೆಯಲ್ಲಿ ಸಿಗುತ್ತವೆ. ಆದ್ದರಿಂದ ನಾನು ಬಳಸಿದ್ದರ ಹೆಸರು ಇಲ್ಲಿ ಅಗತ್ಯವಿಲ್ಲ. ಎರಡನೆಯದು ಡಿವಾಲ್ಟ್‌ನ ಡಿಡಬ್ಲ್ಯೂಇ 7485: 210 ಮಿ.ಮೀ. ಬ್ಲೇಡು, ಸುಮಾರು 22 ಕಿಲೋ ತೂಕ, ಹಲ್ಲುಪಟ್ಟಿಯ ಮೇಲೆ ಓಡುವ ಫೆನ್ಸ್. ಮೂರನೆಯದು ಅದೇ ಕಂಪನಿಯ ಡಿಡಬ್ಲ್ಯೂಇ 7491 ಆರ್‌ಎಸ್: 254 ಮಿ.ಮೀ. ಬ್ಲೇಡು, ಅದೇ ಬಗೆಯ ಫೆನ್ಸ್, ಮಡಚುವ ಗಾಲಿ ಸ್ಟ್ಯಾಂಡ್ ಸೇರಿ ಸುಮಾರು 41 ಕಿಲೋ. ಬೆಲೆಯಲ್ಲಿ ಎರಡನೆಯದು ಮಧ್ಯದಲ್ಲಿ ನಿಲ್ಲುತ್ತದೆ, ಮೂರನೆಯದು ಸಾಧಾರಣ ಬಜೆಟ್ಟಿನ ಮೇಲಂಚಿನಲ್ಲಿ. ಇವುಗಳ ಜೊತೆಗೆ ಟೇಬಲ್ ಸಾ ಅಲ್ಲದ ಒಂದು ಪ್ರತಿಸ್ಪರ್ಧಿಯನ್ನೂ, ಅಂದರೆ ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಮತ್ತು ನೇರ ಪಟ್ಟಿಯ ಜೋಡಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ, ಏಕೆಂದರೆ ಅದನ್ನು ಬಿಟ್ಟರೆ ಈ ಆಯ್ಕೆ ಪೂರ್ತಿಯಾಗುವುದಿಲ್ಲ.

ನನ್ನ ಕೆಲಸದ ಸ್ವರೂಪವನ್ನೂ ಹೇಳಬೇಕು, ಏಕೆಂದರೆ ತೀರ್ಪು ಅದರ ಮೇಲೇ ನಿಂತಿದೆ. ಪುಸ್ತಕದ ಕಪಾಟು, ಡ್ರಾಯರ್ ಇರುವ ಮೇಜು, ಬಾಗಿಲಿನ ಚೌಕಟ್ಟು, ಪ್ಲೈವುಡ್ಡಿನ ಪೆಟ್ಟಿಗೆಗಳು ಇಂಥವು ನನ್ನ ಕೆಲಸಗಳು. ಹಲಗೆಯ ದಪ್ಪ ಹೆಚ್ಚಾಗಿ 12ರಿಂದ 40 ಮಿ.ಮೀ. ಒಳಗಿರುತ್ತದೆ. ಯಂತ್ರವನ್ನು ಕೆಲಸ ಮುಗಿದ ಮೇಲೆ ಎತ್ತಿ ಗೋಡೆಯ ಬದಿಗೆ ಇಡಬೇಕಾಗುತ್ತದೆ. ದಪ್ಪ ತೊಲೆಗಳನ್ನು ದಿನವಿಡೀ ಸೀಳುವವರಿಗೆ ಈ ಬರಹದ ತೀರ್ಪು ಹೊಂದಲಾರದು.

ಈಗ ಫೆನ್ಸಿನ ವಿಷಯ. ಟೇಬಲ್ ಸಾ ಇರುವುದೇ ಮುಖ್ಯವಾಗಿ ಮರವನ್ನು ಎಳೆಯ ಗುಂಟ ಸೀಳುವುದಕ್ಕೆ. ಅಡ್ಡ ಕೊಯ್ಯುವ ಕೆಲಸವನ್ನು ಬೇರೆ ಹತ್ಯಾರಗಳೂ ಚೆನ್ನಾಗಿಯೇ ಮಾಡುತ್ತವೆ. ಸೀಳುವಾಗ ಹಲಗೆಯ ಒಂದು ಅಂಚು ಮೊದಲಿನಿಂದ ಕೊನೆಯವರೆಗೆ ಫೆನ್ಸಿಗೆ ಒತ್ತಿಕೊಂಡೇ ಚಲಿಸುತ್ತದೆ. ಫೆನ್ಸಿನ ಹಿಂಭಾಗ ಬ್ಲೇಡಿನ ಕಡೆಗೆ ಕೂದಲೆಳೆಯಷ್ಟು ವಾಲಿದರೂ ಮರ ಬ್ಲೇಡಿನ ಹಿಂಬದಿ ಹಲ್ಲುಗಳಿಗೂ ಫೆನ್ಸಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಮೊದಲು ಅಂಚು ಸುಟ್ಟು ಕಪ್ಪಾಗುತ್ತದೆ, ಆಮೇಲೆ ಮೋಟರು ನರಳುತ್ತದೆ, ಕೆಟ್ಟ ಗಳಿಗೆಯಲ್ಲಿ ಮೇಲಕ್ಕೇಳುತ್ತಿರುವ ಹಿಂಬದಿ ಹಲ್ಲುಗಳು ಹಲಗೆಯನ್ನು ಎತ್ತಿ ನಡೆಸುವವರ ಕಡೆಗೇ ಎಸೆಯುತ್ತವೆ. ಈ ಕಿಕ್‌ಬ್ಯಾಕ್ ಎಷ್ಟು ವೇಗದ್ದೆಂದು ತಿಳಿಯಲು ಸಣ್ಣ ಲೆಕ್ಕ ಸಾಕು. 254 ಮಿ.ಮೀ. ಬ್ಲೇಡು ನಿಮಿಷಕ್ಕೆ 4800 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಸೆಕೆಂಡಿಗೆ ಸುಮಾರು 64 ಮೀಟರ್, ಅಂದರೆ ಗಂಟೆಗೆ 230 ಕಿ.ಮೀ. ಎಸೆಯಲ್ಪಟ್ಟ ಹಲಗೆಗೆ ಈ ವೇಗ ಪೂರ್ತಿಯಾಗಿ ಬಾರದಿದ್ದರೂ, ಅದರ ಒಂದು ಪಾಲೇ ಪಕ್ಕೆಲುಬು ಮುರಿಯಲು ಸಾಕು. ಹಾಗಾಗಿ ಫೆನ್ಸಿನ ನೇರ ಎನ್ನುವುದು ಕೆಲಸದ ಅಂದಕ್ಕೆ ಎಷ್ಟು ಸಂಬಂಧಿಸಿದೆಯೋ ಮೈಯ ಸುರಕ್ಷತೆಗೂ ಅಷ್ಟೇ ಸಂಬಂಧಿಸಿದೆ.

ಮೊದಲನೆಯ ಯಂತ್ರದಲ್ಲಿ ಫೆನ್ಸನ್ನು ಜಾರಿಸಿ, ಅಳತೆ ನೋಡಿ, ಮುಂದಿನ ಹಿಡಿಯನ್ನು ಒತ್ತಿದರೆ ಅದು ಬಿಗಿಯಾಗುತ್ತದೆ. ಆದರೆ ಬಿಗಿಯುವ ಕ್ಷಣದಲ್ಲೇ ಹಿಂಭಾಗ ಸ್ವಲ್ಪ ಸರಿಯುತ್ತದೆ. ಪ್ರತಿ ಸಲವೂ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಹೇಗೋ ಸರಿದೂಗಿಸಬಹುದಿತ್ತು, ಆದರೆ ಹಾಗೆ ಆಗುವುದಿಲ್ಲ. ಪ್ರತಿ ಅಳತೆಗೂ ಫೆನ್ಸಿನ ಮುಂಭಾಗ ಹಿಂಭಾಗ ಎರಡನ್ನೂ ಉಕ್ಕಿನ ಅಳತೆಪಟ್ಟಿಯಿಂದ ನೋಡಿ, ಬೆರಳಿನಿಂದ ತಟ್ಟಿ, ಮತ್ತೆ ಬಿಗಿದು, ಮತ್ತೆ ಅಳೆಯಬೇಕು. ಹೀಗೆ ಜೋಪಾನ ಮಾಡಿದಾಗ ಅದೂ ಒಳ್ಳೆಯ ಕೊಯ್ತವನ್ನೇ ಕೊಡುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಜೋಪಾನ ಮಾಡದೆ ಯಂತ್ರದ ಮೇಲಿನ ಅಳತೆಯನ್ನೇ ನಂಬಿ ಒಂದು ಮೀಟರ್ ಉದ್ದದ ಹಲಗೆಯಿಂದ 50 ಮಿ.ಮೀ. ಅಗಲದ ಪಟ್ಟಿಗಳನ್ನು ಸೀಳಿದಾಗ, ವರ್ನಿಯರ್ ಕ್ಯಾಲಿಪರ್ ಒಂದು ಪಟ್ಟಿಗೂ ಇನ್ನೊಂದಕ್ಕೂ ಅರ್ಧ ಮಿಲಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ತೋರಿಸಿತು. ಅರ್ಧ ಮಿಲಿಮೀಟರ್ ಎಂದರೆ ಕೇಳಲು ಸಣ್ಣದು. ಆದರೆ ಡ್ರಾಯರಿನ ಎರಡು ಬದಿಗಳ ಎತ್ತರದಲ್ಲಿ ಅಷ್ಟು ಹೆಚ್ಚುಕಡಿಮೆಯಾದರೆ ಡ್ರಾಯರ್ ನಾಲ್ಕು ಮೂಲೆಗಳ ಮೇಲೆ ಕೂರುವುದಿಲ್ಲ, ಅಲುಗುತ್ತದೆ. ಅಂಟಿಸಿ ಅಗಲ ಮಾಡುವ ಹಲಗೆಗಳಲ್ಲಿ ಅಂಚುಗಳು ಒಂದಕ್ಕೊಂದು ಕೂಡದೆ ಸಂದು ಕಾಣುತ್ತದೆ.

ಎರಡನೆಯ ಮತ್ತು ಮೂರನೆಯ ಯಂತ್ರಗಳಲ್ಲಿ ವ್ಯವಸ್ಥೆಯೇ ಬೇರೆ. ಮುಂದೆ ಒಂದು ಗುಬುಟು ಇರುತ್ತದೆ. ಅದನ್ನು ತಿರುಗಿಸಿದರೆ ಒಂದೇ ದಂಡದ ಎರಡು ತುದಿಗಳಲ್ಲಿರುವ ಹಲ್ಲುಚಕ್ರಗಳು ಮುಂದಿನ ಮತ್ತು ಹಿಂದಿನ ಹಲ್ಲುಪಟ್ಟಿಗಳನ್ನು ಏಕಕಾಲಕ್ಕೆ ಸರಿಸುತ್ತವೆ. ಎರಡು ತುದಿಗಳೂ ಒಟ್ಟಿಗೇ, ಸಮಾನವಾಗಿ ಚಲಿಸುವುದರಿಂದ ಫೆನ್ಸ್ ವಾಲುವ ಅವಕಾಶವೇ ಕಡಿಮೆ. ಅದೇ 50 ಮಿ.ಮೀ. ಪಟ್ಟಿಗಳ ಪರೀಕ್ಷೆಯಲ್ಲಿ ಈ ಎರಡೂ ಯಂತ್ರಗಳ ತುಂಡುಗಳು ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗಗಳೊಳಗೇ ಹೊಂದಿಕೊಂಡವು. ಇದಕ್ಕಿಂತಲೂ ನನಗೆ ಮುಖ್ಯವೆನಿಸಿದ್ದು, ಫೆನ್ಸನ್ನು ಬೇರೆ ಅಳತೆಗೆ ಒಯ್ದು ಮತ್ತೆ ಮೊದಲಿನ ಅಳತೆಗೆ ತಂದಾಗ ಬಂದ ತುಂಡು ಹಿಂದಿನ ತುಂಡಿಗೆ ಸರಿಹೋಯಿತು ಎಂಬುದು. ಮನೆಯಲ್ಲಿ ಒಬ್ಬರೇ ಕೆಲಸ ಮಾಡುವಾಗ ಒಂದು ತುಂಡು ಹಾಳಾಗಿ ಇನ್ನೊಂದನ್ನು ಮಾಡಬೇಕಾಗಿ ಬರುವುದು ಸಾಮಾನ್ಯ; ಆಗ ಈ ಗುಣದ ಬೆಲೆ ತಿಳಿಯುತ್ತದೆ. ಅಳತೆಪಟ್ಟಿಯ ಸೂಜಿಗೆರೆಯನ್ನು ಮಾತ್ರ ಬ್ಲೇಡು ಬದಲಿಸಿದಾಗಲೆಲ್ಲ ಹೊಂದಿಸಿಕೊಳ್ಳಬೇಕು, ಏಕೆಂದರೆ ಬ್ಲೇಡಿನ ದಪ್ಪ ಬದಲಾದರೆ ಸೊನ್ನೆಯೂ ಬದಲಾಗುತ್ತದೆ.

ಯಾವುದೇ ಯಂತ್ರವಾದರೂ ಪೆಟ್ಟಿಗೆಯಿಂದ ತೆಗೆದೊಡನೆ ನೆಟ್ಟಗಿರುತ್ತದೆ ಎಂದು ನಂಬಬಾರದು. ಪ್ಲಗ್ ಕಿತ್ತು, ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಗುರುತು ಹಾಕಿ, ಆ ಹಲ್ಲು ಮುಂದಿರುವಾಗ ಮೈಟರ್ ಗಾಡಿಯಿಂದ (ಬ್ಲೇಡಿನ ಪಕ್ಕದಲ್ಲಿ ಟೇಬಲ್ಲಿನ ಮೇಲ್ಮೈಯಲ್ಲಿ ಉದ್ದಕ್ಕೆ ಕೊರೆದಿರುವ ತೋಡಿನಿಂದ) ಅದಕ್ಕಿರುವ ದೂರವನ್ನೂ, ಬ್ಲೇಡು ತಿರುಗಿಸಿ ಅದೇ ಹಲ್ಲು ಹಿಂದೆ ಬಂದಾಗಿನ ದೂರವನ್ನೂ ಅಳೆಯಬೇಕು. ಒಂದೇ ಹಲ್ಲನ್ನು ಬಳಸುವುದರಿಂದ ಬ್ಲೇಡಿನ ಸಣ್ಣ ಬಾಗು ಲೆಕ್ಕವನ್ನು ಕೆಡಿಸುವುದಿಲ್ಲ. ಮೊದಲು ಬ್ಲೇಡು ಗಾಡಿಗೆ ಸಮಾನಾಂತರವಾಗಬೇಕು, ಆಮೇಲೆ ಫೆನ್ಸ್ ಅದೇ ಗಾಡಿಗೆ. ಫೆನ್ಸಿನ ಹಿಂಭಾಗ ಬ್ಲೇಡಿನಿಂದ ಹೊರಕ್ಕೆ ಹತ್ತನೇ ಒಂದು ಮಿಲಿಮೀಟರಿನಷ್ಟು ತೆರೆದಿದ್ದರೆ ತೊಂದರೆಯಿಲ್ಲ, ಒಳಕ್ಕೆ ವಾಲಿರಲೇಬಾರದು. ಕೊಳ್ಳುವ ಮೊದಲು ಯಂತ್ರದ ಕೈಪಿಡಿಯನ್ನು ತೆರೆದು, ಬ್ಲೇಡಿನ ಸಮಾನಾಂತರವನ್ನು ಹೊಂದಿಸುವ ಬೋಲ್ಟುಗಳು ಇವೆಯೇ ಎಂದು ನೋಡುವುದು ಒಳ್ಳೆಯದು. ಹೊಂದಿಸಲಾಗದ ಯಂತ್ರ ಎಷ್ಟು ಅಗ್ಗವಾದರೂ ದುಬಾರಿಯೇ.

ಇನ್ನು ಬ್ಲೇಡಿನ ವ್ಯಾಸ. 210 ಮಿ.ಮೀ. ಎಂದೊಡನೆ ಚಿಕ್ಕದು, ಬಲ ಸಾಲದು ಎಂಬ ಭಾವನೆ ಹಲವರಿಗೆ ಬರುತ್ತದೆ. ಲೆಕ್ಕ ಬೇರೆ ಹೇಳುತ್ತದೆ. ಡಿಡಬ್ಲ್ಯೂಇ 7485 ನಿಮಿಷಕ್ಕೆ 5800 ಸುತ್ತು ತಿರುಗುತ್ತದೆ, ಡಿಡಬ್ಲ್ಯೂಇ 7491 ಆರ್‌ಎಸ್ 4800 ಸುತ್ತು. ಎರಡರಲ್ಲೂ ಹಲ್ಲಿನ ತುದಿಯ ವೇಗ ಹೆಚ್ಚುಕಡಿಮೆ ಒಂದೇ, ಸೆಕೆಂಡಿಗೆ ಸುಮಾರು 64 ಮೀಟರ್. ಮರಕ್ಕೆ ತಾಗುವುದು ಹಲ್ಲಿನ ತುದಿಯೇ ಹೊರತು ಬ್ಲೇಡಿನ ಹೆಸರಲ್ಲ. ಆದ್ದರಿಂದ ಒಂದೇ ಗುಣಮಟ್ಟದ ಬ್ಲೇಡು ಹಾಕಿದಾಗ 18 ಮಿ.ಮೀ. ಪ್ಲೈವುಡ್ಡಿನ ಅಂಚು ಎರಡರಲ್ಲೂ ಸಮನಾಗಿ ನುಣುಪಾಗಿ ಬಂದಿತು. ಬಾಷ್ ಕಂಪನಿಯ ಜಿಟಿಎಸ್ 10 ಜೆ ಎಂಬ ಯಂತ್ರ 254 ಮಿ.ಮೀ. ಬ್ಲೇಡನ್ನು ನಿಮಿಷಕ್ಕೆ 3650 ಸುತ್ತುಗಳಲ್ಲಿ ನಡೆಸುತ್ತದೆ. ಅಲ್ಲಿ ತುದಿಯ ವೇಗ ಸೆಕೆಂಡಿಗೆ ಸುಮಾರು 48 ಮೀಟರ್. ಅಂದರೆ ದೊಡ್ಡ ಬ್ಲೇಡೆಂದರೆ ವೇಗದ ಬ್ಲೇಡು ಎಂದೇನೂ ಅಲ್ಲ. ಸುತ್ತು ಮತ್ತು ವ್ಯಾಸ ಎರಡನ್ನೂ ಸೇರಿಸಿಯೇ ನೋಡಬೇಕು.

ವ್ಯಾಸ ನಿಜವಾಗಿ ನಿರ್ಧರಿಸುವುದು ಕೊಯ್ತದ ಆಳವನ್ನು. ಚಿಕ್ಕ ಯಂತ್ರ ನೇರವಾಗಿ 65 ಮಿ.ಮೀ., 45 ಡಿಗ್ರಿ ವಾಲಿಸಿದಾಗ ಸುಮಾರು 45 ಮಿ.ಮೀ. ಆಳಕ್ಕೆ ಕೊಯ್ಯುತ್ತದೆ, ದೊಡ್ಡದು ನೇರವಾಗಿ 79 ಮಿ.ಮೀ., ವಾಲಿಸಿದಾಗ 57 ಮಿ.ಮೀ. ನಡುವಿನ ವ್ಯತ್ಯಾಸ 14 ಮಿ.ಮೀ. ಮೇಲೆ ಹೇಳಿದ ಕೆಲಸಗಳಲ್ಲಿ ನನಗೆ ಈ 14 ಮಿ.ಮೀ. ಬೇಕಾದದ್ದು ಮೇಜಿನ ದಪ್ಪ ಕಾಲುಗಳಿಗೆ ಮಾತ್ರ. ಚಿಕ್ಕ ಯಂತ್ರದಲ್ಲಿ 75 ಮಿ.ಮೀ. ದಪ್ಪದ ತುಂಡನ್ನು ಒಂದು ಮುಖದಿಂದ ಅರ್ಧ ಸೀಳಿ, ಅದೇ ಅಂಚು ಫೆನ್ಸಿಗೆ ಬರುವಂತೆ ತಲೆಕೆಳಗು ಮಾಡಿ ಉಳಿದರ್ಧ ಸೀಳಬಹುದು. ನಡುವೆ ಉಳಿಯುವ ಸಣ್ಣ ಏಣನ್ನು ಕೀಸುಳಿಯಿಂದ ತೆಗೆಯಬೇಕಾಗುತ್ತದೆ. ಈ ಬಗೆಯ ಕೆಲಸ ಯಾವಾಗಲೋ ಒಮ್ಮೆ ಬಂದರೆ ಸಹಿಸಬಹುದು, ಪ್ರತಿ ವಾರ ಬಂದರೆ ದೊಡ್ಡ ಯಂತ್ರವೇ ಬೇಕು. ಚಿಕ್ಕದರ ಇನ್ನೊಂದು ಮಿತಿ, ಅದರ ಬ್ಲೇಡಿನ ದಂಡ ಗಾಡಿ ಕೊರೆಯುವ ಡೇಡೋ ಬ್ಲೇಡುಗಳ ಕಟ್ಟನ್ನು ಹಿಡಿಯುವುದಿಲ್ಲ ಎಂಬುದು. ಕಪಾಟಿನ ಅಡ್ಡಹಲಗೆ ಕೂರುವ ಗಾಡಿಗಳನ್ನು ನಾನು ರೂಟರಿನಲ್ಲೇ (ಮರ ಕೊರೆಯುವ ಕೈಯಂತ್ರ) ಮಾಡುವುದರಿಂದ ಇದು ನನ್ನನ್ನು ಕಾಡಲಿಲ್ಲ. ಟೇಬಲ್ ಸಾ ಮೇಲೇ ಗಾಡಿ ಕೊರೆಯಬೇಕೆನ್ನುವವರು ಈ ಸಂಗತಿಯನ್ನು ಮೊದಲೇ ಪರಿಗಣಿಸಬೇಕು. 210 ಮಿ.ಮೀ. ಬ್ಲೇಡುಗಳಲ್ಲಿ ಸಿಗುವ ವೈವಿಧ್ಯವೂ 254 ಮಿ.ಮೀ. ಬ್ಲೇಡುಗಳಷ್ಟಿಲ್ಲ. ನಡುವಿನ ತೂತಿನ ಅಳತೆಯೂ ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಅದನ್ನು ನೋಡದೆ ಬ್ಲೇಡು ತರಬಾರದು.

ಮೋಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ವರ್ಗದ ಬಹುತೇಕ ಯಂತ್ರಗಳಲ್ಲಿ ಕಾರ್ಬನ್ ಬ್ರಶ್ ಇರುವ ಯೂನಿವರ್ಸಲ್ ಮೋಟರುಗಳಿದ್ದು, ಅವುಗಳ ಶಕ್ತಿ 1500ರಿಂದ 2000 ವಾಟಿನ ಆಸುಪಾಸಿನಲ್ಲಿರುತ್ತದೆ. ಮೂರೂ ಜೋರಾಗಿ ಅರಚುತ್ತವೆ, ಕಿವಿಗೆ ಮುಚ್ಚುಗೆಯಿಲ್ಲದೆ ಯಾವುದನ್ನೂ ಚಾಲೂ ಮಾಡಬಾರದು. ಗಟ್ಟಿ ಮರದ 40 ಮಿ.ಮೀ. ಹಲಗೆಯನ್ನು ಸೀಳುವಾಗ ಮೂರಕ್ಕೂ ಇದ್ದ ಅಂತರ ಮೋಟರಿಗಿಂತ ಬ್ಲೇಡಿನಿಂದ ಬಂದದ್ದು. 3.2 ಮಿ.ಮೀ. ಅಗಲ ಕೊಯ್ಯುವ ಬ್ಲೇಡಿನ ಬದಲು 2.4 ಮಿ.ಮೀ. ಅಗಲದ ತೆಳು ಬ್ಲೇಡು ಹಾಕಿದರೆ ಕಾಲುಭಾಗದಷ್ಟು ಕಡಿಮೆ ಮರ ಪುಡಿಯಾಗುತ್ತದೆ, ಮೋಟರಿನ ಮೇಲಿನ ಹೊರೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಉದ್ದನೆಯ ತೆಳು ತಂತಿಯ ಎಕ್ಸ್‌ಟೆನ್ಶನ್ ಬೋರ್ಡಿನಿಂದ ನಡೆಸಿದಾಗ ಮಾತ್ರ ಮೂರೂ ಸೊರಗುತ್ತವೆ. ತಂತಿಯಲ್ಲೇ ವೋಲ್ಟೇಜು ಕಳೆದುಹೋಗುವುದರಿಂದ ಮೋಟರು ಬಿಸಿಯಾಗುತ್ತದೆ. ತಂತಿ ದಪ್ಪಗಿರಬೇಕು, ಗಿಡ್ಡಗಿರಬೇಕು.

ಟೇಬಲ್ಲಿನ ಮೇಲ್ಮೈ ವಿಷಯದಲ್ಲಿ ಅಗ್ಗದ ಯಂತ್ರ ಮತ್ತೆ ಹಿಂದೆ ಬಿತ್ತು. ಮೂರರದ್ದೂ ಅಲ್ಯೂಮಿನಿಯಂ ಮೇಲ್ಮೈಯೇ. ಉಕ್ಕಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ಬೆಳಕು ಬಿಟ್ಟಾಗ ಮೊದಲನೆಯದರ ನಡುಭಾಗದಲ್ಲಿ ತಗ್ಗು ಕಂಡಿತು, ಉಳಿದೆರಡರಲ್ಲಿ ಗಮನಕ್ಕೆ ಬರುವಂಥದ್ದೇನೂ ಇರಲಿಲ್ಲ. ಬ್ಲೇಡಿನ ಸುತ್ತಲಿನ ಬಾಯಿತಟ್ಟೆ ಮೇಲ್ಮೈಗೆ ಸಮವಾಗಿರಬೇಕು. ಅದು ತಗ್ಗಿದ್ದರೆ ಹಲಗೆಯ ಮುಂದಿನ ಅಂಚು ಬ್ಲೇಡು ದಾಟಿದೊಡನೆ ಎಡವಿ ನಿಲ್ಲುತ್ತದೆ, ನಡೆಸುವವರು ಬಲ ಹಾಕಿ ತಳ್ಳುತ್ತಾರೆ. ಬ್ಲೇಡಿನ ಬಳಿ ಬಲ ಹಾಕುವ ಪರಿಸ್ಥಿತಿ ಬರಲೇಬಾರದು. ಮೈಟರ್ ಗಾಡಿಯ ಅಳತೆಯೂ ಮುಖ್ಯ. ಬಹುಕಾಲದಿಂದ ರೂಢಿಯಲ್ಲಿರುವ ಅಳತೆ ಮುಕ್ಕಾಲು ಇಂಚು ಅಗಲ, ಮೂರೆಂಟಾಂಶ ಇಂಚು ಆಳ, ಅಂದರೆ ಸುಮಾರು 19 ಮತ್ತು 9.5 ಮಿ.ಮೀ. ಇದೇ ಅಳತೆಯ ಗಾಡಿಯಿದ್ದರೆ ಬೇರೆ ಕಂಪನಿಯ ಮೈಟರ್ ಗೇಜೂ (ಅಡ್ಡ ಕೊಯ್ಯುವಾಗ ಹಲಗೆಯನ್ನು ಬೇಕಾದ ಕೋನಕ್ಕೆ ಹಿಡಿದು ನಡೆಸುವ ಆನಿಕೆ) ಕೂರುತ್ತದೆ, ಅಡ್ಡ ಕೊಯ್ಯಲು ಸ್ವಂತವಾಗಿ ಮಾಡಿಕೊಳ್ಳುವ ಜಾರುಹಲಗೆಗೂ ಪಟ್ಟಿಗಳನ್ನು ಸುಲಭವಾಗಿ ಹೊಂದಿಸಬಹುದು. ಅಗ್ಗದ ಯಂತ್ರಗಳಲ್ಲಿ ಹಲವಕ್ಕೆ ವಿಚಿತ್ರ ಅಳತೆಯ, ಆಳವಿಲ್ಲದ ಗಾಡಿಗಳಿರುತ್ತವೆ. ಯಂತ್ರದ ಜೊತೆ ಬರುವ ಮೈಟರ್ ಗೇಜುಗಳು ಮೂರರಲ್ಲೂ ಸಡಿಲವೇ. ನಾನು ಅಡ್ಡ ಕೊಯ್ಯುವುದೆಲ್ಲವೂ ಪ್ಲೈವುಡ್ಡಿನಿಂದ ಮಾಡಿಕೊಂಡ ಜಾರುಹಲಗೆಯ ಮೇಲೆಯೇ. ಮೂಲೆಮಟ್ಟ ಹಿಡಿದು ಒಮ್ಮೆ ಸರಿಮಾಡಿಟ್ಟರೆ ಅದು ಬಹುಕಾಲ ಸರಿಯಾಗಿಯೇ ಇರುತ್ತದೆ.

ದೊಡ್ಡ ಯಂತ್ರದ ಪರವಾಗಿ ಯಾವಾಗಲೂ ಮುಂದಿಡುವ ವಾದ ಅದರ ಸೀಳಗಲ. ಫೆನ್ಸನ್ನು ಬ್ಲೇಡಿನಿಂದ 825 ಮಿ.ಮೀ. ದೂರದವರೆಗೆ ಒಯ್ಯಬಹುದು, ಚಿಕ್ಕದರಲ್ಲಿ ಸುಮಾರು 620 ಮಿ.ಮೀ. ಮಾತ್ರ. ಆದರೆ ಒಂದು ಪೂರ್ತಿ ಪ್ಲೈವುಡ್ ಹಾಳೆಯನ್ನು ಈ ಯಂತ್ರಗಳ ಮೇಲೆ ಎತ್ತಿಟ್ಟು ನೋಡಿದವರಿಗೆ ಈ ವಾದ ಎಷ್ಟು ಪೊಳ್ಳೆಂದು ಗೊತ್ತಾಗುತ್ತದೆ. 2440 ಮಿ.ಮೀ. ಉದ್ದ, 1220 ಮಿ.ಮೀ. ಅಗಲ, 18 ಮಿ.ಮೀ. ದಪ್ಪದ ಹಾಳೆ ಸುಮಾರು 30 ಕಿಲೋ ತೂಗುತ್ತದೆ. ಚಿಕ್ಕ ಯಂತ್ರದ ತೂಕವೇ 22 ಕಿಲೋ. ಯಂತ್ರಕ್ಕಿಂತ ಭಾರವಾದ ಹಾಳೆಯನ್ನು ಒಬ್ಬರೇ ಅದರ ಮೇಲೆ ನಡೆಸಲು ಹೋದರೆ ಮುಂದಿನರ್ಧ ದಾಟಿದಾಗ ಯಂತ್ರವೇ ಮುಗ್ಗರಿಸಲು ನೋಡುತ್ತದೆ, ಹಾಳೆ ಫೆನ್ಸಿನಿಂದ ಅಗಲುತ್ತದೆ. ಗಾಲಿ ಸ್ಟ್ಯಾಂಡಿನ ಮೇಲಿದ್ದ 41 ಕಿಲೋದ ಯಂತ್ರವೂ ಈ ಕೆಲಸದಲ್ಲಿ ನನಗೆ ನೆಮ್ಮದಿ ಕೊಡಲಿಲ್ಲ. ಹಿಂದೆ, ಪಕ್ಕದಲ್ಲಿ ಆಸರೆ ಮೇಜುಗಳಿದ್ದು, ಎದುರಿಗೆ ಇನ್ನೊಬ್ಬರು ಹಿಡಿದುಕೊಂಡರೆ ಮಾತು ಬೇರೆ.

ಇಲ್ಲಿಯೇ ಸರ್ಕ್ಯುಲರ್ ಸಾ ಮತ್ತು ನೇರ ಪಟ್ಟಿಯ ಜೋಡಿ ತನ್ನ ಯೋಗ್ಯತೆಯನ್ನು ತೋರಿಸುವುದು. ಹಾಳೆಯನ್ನು ನೆಲದ ಮೇಲೆ ಹಾಸಿದ ದಪ್ಪ ಥರ್ಮಾಕೋಲ್ ಮೇಲೆ ಮಲಗಿಸಿ, ಪಟ್ಟಿಯನ್ನು ಕ್ಲ್ಯಾಂಪು ಹಾಕಿ ಬಿಗಿದು, ಗರಗಸವನ್ನು ಅದರ ಗುಂಟ ನಡೆಸಿದರೆ ಹಾಳೆ ಅಲುಗುವುದಿಲ್ಲ, ಚಲಿಸುವುದು ಹಗುರವಾದ ಗರಗಸ ಮಾತ್ರ. ಇದರಿಂದ ಬರುವ ಅಂಚು ನೇರವಾಗಿರುತ್ತದೆ, ಒಬ್ಬರಿಂದಲೇ ಸಾಧ್ಯವಾಗುತ್ತದೆ, ಖರ್ಚೂ ಕಡಿಮೆ. ಹಳಿಯ ಮೇಲೆ ಓಡುವ ಟ್ರ್ಯಾಕ್ ಸಾ ಇದ್ದರೆ ಅಂಚು ಇನ್ನೂ ಶುದ್ಧವಾಗಿ ಬರುತ್ತದೆ, ಆದರೆ ಅದರ ಬೆಲೆಯೂ ಏರುತ್ತದೆ. ಹಾಗಿದ್ದರೆ ಟೇಬಲ್ ಸಾ ಬೇಡವೇ ಎಂಬ ಪ್ರಶ್ನೆ ಸಹಜ. ಒಂದೇ ಅಗಲದ ಹತ್ತಾರು ಪಟ್ಟಿಗಳು ಬೇಕಾದಾಗ, ಅದರಲ್ಲೂ 60 ಮಿ.ಮೀ.ಗಿಂತ ಕಿರಿದಾದ ಚೌಕಟ್ಟಿನ ತುಂಡುಗಳು ಬೇಕಾದಾಗ, ಪಟ್ಟಿ ಮತ್ತು ಗರಗಸದ ಜೋಡಿ ಸೋಲುತ್ತದೆ. ಪ್ರತಿ ತುಂಡಿಗೂ ಮತ್ತೆ ಅಳೆದು ಪಟ್ಟಿ ಕೂರಿಸಬೇಕು, ಕಿರಿದಾದ ಹಲಗೆಯ ಮೇಲೆ ಪಟ್ಟಿಗೆ ಕೂರಲು ಜಾಗವೇ ಇರುವುದಿಲ್ಲ. ಆದ್ದರಿಂದ ಇವೆರಡು ಒಂದರ ಬದಲಿಗೆ ಇನ್ನೊಂದಲ್ಲ, ಒಂದಾದ ಮೇಲೆ ಇನ್ನೊಂದು: ಹಾಳೆಯನ್ನು ಸರ್ಕ್ಯುಲರ್ ಸಾ ಹಿಡಿದು ದೊಡ್ಡ ತುಂಡುಗಳಾಗಿ ಒಡೆಯುವುದು, ಆ ತುಂಡುಗಳನ್ನು ಟೇಬಲ್ ಸಾ ಮೇಲೆ ಕರಾರುವಾಕ್ಕಾದ ಅಗಲಕ್ಕೆ ಸೀಳುವುದು. ಹೀಗೆ ಕೆಲಸ ಹಂಚಿದರೆ 620 ಮಿ.ಮೀ. ಸೀಳಗಲ ಕಪಾಟಿನ ಬದಿಗಳಿಗೂ ಅಡುಗೆಮನೆಯ ಪೆಟ್ಟಿಗೆಗಳಿಗೂ ಧಾರಾಳವಾಗಿ ಸಾಕಾಗುತ್ತದೆ. ಸರ್ಕ್ಯುಲರ್ ಸಾವನ್ನೇ ತಲೆಕೆಳಗಾಗಿ ಮೇಜಿಗೆ ಬಿಗಿದು ಟೇಬಲ್ ಸಾ ಮಾಡಿಕೊಳ್ಳುವ ಉಪಾಯವನ್ನು ಮಾತ್ರ ನಾನು ಯಾರಿಗೂ ಹೇಳಲಾರೆ. ಅದರಲ್ಲಿ ಬ್ಲೇಡಿನ ಹಿಂದೆ ರಕ್ಷಣೆಯಿಲ್ಲ, ಮೇಲೆ ಮುಚ್ಚಳವಿಲ್ಲ, ಅಪಾಯ ಬಂದಾಗ ಮೊಣಕಾಲಿನಿಂದ ಒತ್ತಿ ನಿಲ್ಲಿಸುವ ಸ್ವಿಚ್ಚಿಲ್ಲ.

ರಕ್ಷಣೆಯ ವಿಷಯಕ್ಕೆ ಬಂದರೆ, ರೈವಿಂಗ್ ನೈಫ್ ಇಲ್ಲದ ಯಂತ್ರವನ್ನು, ಅದು ಹಳೆಯದಾಗಿರಲಿ ಹೊಸದಾಗಿರಲಿ, ಆಯ್ಕೆಯ ಪಟ್ಟಿಯಿಂದಲೇ ತೆಗೆದುಹಾಕಬೇಕು. ಬ್ಲೇಡಿನ ಬೆನ್ನಿಗೇ ನಿಂತು, ಬ್ಲೇಡಿನ ಜೊತೆಗೇ ಏರಿಳಿಯುವ ಈ ತೆಳು ಉಕ್ಕಿನ ಪಟ್ಟಿ ಸೀಳಿದ ಮರದ ಎರಡು ಭಾಗಗಳು ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುತ್ತದೆ. ಒಣಗುವಾಗ ಒಳಗೆ ಬಿಗಿತ ಉಳಿಸಿಕೊಂಡ ಹಲಗೆ ಸೀಳುತ್ತಿರುವಾಗಲೇ ಮುಚ್ಚಿಕೊಳ್ಳುವುದನ್ನು ನಾನು ಮೂರೂ ಯಂತ್ರಗಳಲ್ಲಿ ಕಂಡಿದ್ದೇನೆ. ನೈಫ್ ಇದ್ದುದರಿಂದ ಮರ ಅದಕ್ಕೆ ಬಿಗಿದು ನಿಂತಿತೇ ಹೊರತು ಹಾರಲಿಲ್ಲ. ನೈಫಿನ ದಪ್ಪ ಬ್ಲೇಡಿನ ತಟ್ಟೆಗಿಂತ ಹೆಚ್ಚಿರಬೇಕು, ಹಲ್ಲುಗಳು ಮಾಡುವ ಕೊಯ್ತದ ಅಗಲಕ್ಕಿಂತ ಕಡಿಮೆ ಇರಬೇಕು. ತೆಳು ಬ್ಲೇಡು ಕೊಳ್ಳುವವರು ಈ ಎರಡು ಅಳತೆಗಳನ್ನು ತಾಳೆ ನೋಡಲೇಬೇಕು, ಏಕೆಂದರೆ ಬ್ಲೇಡು ತೀರಾ ತೆಳುವಾದರೆ ಮರ ನೈಫಿಗೇ ಸಿಕ್ಕಿಕೊಂಡು ಮುಂದೆ ಹೋಗುವುದಿಲ್ಲ. ನೈಫನ್ನು ಕೂರಿಸುವುದು, ತೆಗೆಯುವುದು ಎಷ್ಟು ಸುಲಭ ಎಂಬುದರಲ್ಲಿ ಮೂರೂ ಒಂದೇ ತರವಲ್ಲ. ಅಗ್ಗದ್ದರಲ್ಲಿ ಪಾನಾ ಬೇಕು, ಉಳಿದೆರಡರಲ್ಲಿ ಗುಬುಟು ಸಡಿಲಿಸಿದರೆ ಸಾಕು. ಸುಲಭವಾಗಿ ಕೂರುವಂತಿದ್ದರೆ ಮಾತ್ರ ಜನ ಅದನ್ನು ಮರಳಿ ಕೂರಿಸುತ್ತಾರೆ. ಈ ಸಣ್ಣ ಅನುಕೂಲಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಬೆರಳು ತಾಗಿದೊಡನೆ ಬ್ಲೇಡನ್ನು ನಿಲ್ಲಿಸುವ ಸಾಸ್ಟಾಪ್ ಯಂತ್ರಗಳನ್ನು ಈ ಹೋಲಿಕೆಗೆ ಸೇರಿಸಲಿಲ್ಲ. ಸ್ಟೀವ್ ಗ್ಯಾಸ್ 1999ರಲ್ಲಿ ರೂಪಿಸಿದ ಈ ತಂತ್ರದಲ್ಲಿ ಬ್ಲೇಡಿನ ಮೇಲೆ ಸಣ್ಣ ವಿದ್ಯುತ್ ಸಂಕೇತ ಇರುತ್ತದೆ. ಮೈ ತಾಗಿ ಅದು ಬದಲಾದ ಕೂಡಲೇ ಅಲ್ಯೂಮಿನಿಯಂ ಗಟ್ಟಿಯೊಂದು ಬ್ಲೇಡಿಗೆ ನುಗ್ಗಿ, ಸುಮಾರು 5 ಮಿಲಿಸೆಕೆಂಡುಗಳಲ್ಲಿ ಅದನ್ನು ನಿಲ್ಲಿಸುತ್ತದೆ. ಬ್ರೇಕ್ ಮತ್ತು ಬ್ಲೇಡು ಎರಡೂ ಹೋಗುತ್ತವೆ, ಬೆರಳು ಉಳಿಯುತ್ತದೆ. ಇದು ಮರಗೆಲಸಕ್ಕೆ ಬಂದ ಅತಿ ದೊಡ್ಡ ಉಪಕಾರಗಳಲ್ಲಿ ಒಂದೆಂದು ನಾನು ನಂಬುತ್ತೇನೆ, ಆದರೆ ಅದರ ಬೆಲೆ ಇಲ್ಲಿ ಹೇಳುತ್ತಿರುವ ಬಜೆಟ್ಟನ್ನು ಮೀರುತ್ತದೆ. ಹಣ ಕೂಡಿಸಿ ಕಾಯಬಲ್ಲವರು ಕಾಯಲಿ. ಅದರ ಬ್ರೇಕ್ ಬೆರಳನ್ನು ಉಳಿಸುತ್ತದೆಯೇ ಹೊರತು ಕಿಕ್‌ಬ್ಯಾಕ್ ತಡೆಯುವ ನೈಫಿನ ಕೆಲಸವನ್ನು ಮಾಡುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಧೂಳಿನ ಬಗ್ಗೆ ಮೂರೂ ಯಂತ್ರಗಳು ನಿರಾಸೆ ಮಾಡುತ್ತವೆ. ಹಿಂದಿನ ಕೊಳವೆಗೆ ವ್ಯಾಕ್ಯೂಮ್ ಜೋಡಿಸಿದರೆ ಕೆಳಗೆ ಬೀಳುವ ಹೊಟ್ಟಿನಲ್ಲಿ ಬಹುಪಾಲು ಹೋಗುತ್ತದೆ, ಬ್ಲೇಡಿನ ಮೇಲಿನಿಂದ ಚಿಮ್ಮುವ ನುಣ್ಣನೆಯ ಧೂಳು ಉಳಿಯುತ್ತದೆ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿದೆ. ಒಳ್ಳೆಯ ಮಾಸ್ಕ್ ಇಲ್ಲದೆ ಕೊಯ್ಯಬಾರದು.

ಸ್ಟ್ಯಾಂಡಿನ ವಿಷಯದಲ್ಲಿ ಮೂರನೆಯದಕ್ಕೆ ಸಾಟಿಯಿಲ್ಲ. ನಿಲ್ಲಿಸುವುದು, ಮಡಚುವುದು, ಗಾಲಿಯ ಮೇಲೆ ಎಳೆದೊಯ್ಯುವುದು ಎಲ್ಲವೂ ಸಲೀಸು. ಕೆಲಸದ ಜಾಗ ದಿನದಿನಕ್ಕೆ ಬದಲಾಗುವವರಿಗೆ ಇದೊಂದೇ ಅದನ್ನು ಆರಿಸಲು ಸಾಕಾದ ಕಾರಣ. ಮೆಟ್ಟಿಲಿದ್ದರೆ ಮಾತ್ರ ಗಾಲಿ ಉಪಯೋಗಕ್ಕೆ ಬಾರದೆ 41 ಕಿಲೋವನ್ನು ಎತ್ತಲೇಬೇಕಾಗುತ್ತದೆ. ಮೊದಲನೆಯದರ ತೆಳು ಕಾಲುಗಳು ಹಲಗೆ ತಳ್ಳಿದಾಗ ತೂಗಾಡುತ್ತವೆ. ಅವನ್ನು ಬಿಟ್ಟು ಮರದ ಪೀಠ ಮಾಡಿಕೊಂಡಾಗ ಆ ಯಂತ್ರದ ನಡತೆಯೇ ಸುಧಾರಿಸಿತು. ಎರಡನೆಯದಕ್ಕೆ ನಾನು ಸ್ಟ್ಯಾಂಡ್ ಕೊಳ್ಳಲಿಲ್ಲ. ಕೆಲಸದ ಮೇಜಿನಷ್ಟೇ ಎತ್ತರಕ್ಕೆ ಬರುವಂತೆ ಅಗಲವಾದ ಪೀಠ ಮಾಡಿ, ಯಂತ್ರವನ್ನು ಅದಕ್ಕೆ ಬೋಲ್ಟು ಹಾಕಿ ಬಿಗಿದಿದ್ದೇನೆ. ಸೀಳಿದ ಹಲಗೆ ಹಿಂದಿನ ಮೇಜಿನ ಮೇಲೆ ಹೋಗಿ ನಿಲ್ಲುತ್ತದೆ, ಕೊನೆಯಲ್ಲಿ ತೊನೆಯುವುದಿಲ್ಲ.

ನಾನು ಉಳಿಸಿಕೊಂಡಿರುವುದು ಎರಡನೆಯದನ್ನು. ಕೈಯಲ್ಲಿರುವ ಹಣ ಮೊದಲನೆಯದಕ್ಕೆ ಮಾತ್ರ ಸಾಲುವಂತಿದ್ದರೆ, ಅದನ್ನು ಕೊಳ್ಳುವ ಬದಲು ಸದ್ಯಕ್ಕೆ ಒಳ್ಳೆಯ ಸರ್ಕ್ಯುಲರ್ ಸಾ, ನೇರವಾದ ಅಲ್ಯೂಮಿನಿಯಂ ಪಟ್ಟಿ, ಎರಡು ಕ್ಲ್ಯಾಂಪು ಕೊಂಡು ಕೆಲಸ ಶುರುಮಾಡಿ, ಹಲ್ಲುಪಟ್ಟಿಯ ಫೆನ್ಸ್ ಇರುವ ಯಂತ್ರಕ್ಕೆ ಹಣ ಕೂಡಿಸುವುದು ಮೇಲು. ಆ ಗರಗಸ ಮುಂದೆಯೂ ಹಾಳೆ ಒಡೆಯಲು ಬೇಕಾಗುತ್ತದೆ, ವ್ಯರ್ಥವಾಗುವುದಿಲ್ಲ. ಹಣ ಮೂರನೆಯದಕ್ಕೂ ಸಾಲುವಂತಿದ್ದು, ದಪ್ಪ ಮರ, ಡೇಡೋ ಬ್ಲೇಡು, ಜಾಗದಿಂದ ಜಾಗಕ್ಕೆ ಓಡಾಟ ಈ ಮೂರರಲ್ಲಿ ಒಂದಾದರೂ ನಿಮ್ಮ ಕೆಲಸದಲ್ಲಿ ಮತ್ತೆಮತ್ತೆ ಬರುವುದಾದರೆ ಅದನ್ನೇ ಕೊಳ್ಳಿ. ಅಂಥದ್ದೇನೂ ಇಲ್ಲದಿದ್ದರೆ ಎರಡನೆಯದನ್ನು ಕೊಂಡು, ಉಳಿದ ಹಣದಲ್ಲಿ ಎರಡು ಬ್ಲೇಡು ತನ್ನಿ: ಸೀಳಲು 24 ಹಲ್ಲಿನದೊಂದು, ಪ್ಲೈವುಡ್ಡಿಗೂ ಅಡ್ಡ ಕೊಯ್ತಕ್ಕೂ 40ಕ್ಕಿಂತ ಹೆಚ್ಚು ಹಲ್ಲಿನದೊಂದು. ಯಂತ್ರದ ಜೊತೆ ಬಂದ ಬ್ಲೇಡನ್ನು ಹಳೆಯ ಮೊಳೆ ಉಳಿದಿರಬಹುದಾದ ಹಲಗೆಗಳಿಗೆ ಎತ್ತಿಡಿ. ಬೆರಳನ್ನು ಬ್ಲೇಡಿನಿಂದ ದೂರವಿಟ್ಟು ಮರವನ್ನು ತಳ್ಳುವ ಕೋಲನ್ನು, ಅಂದರೆ ಪುಶ್ ಸ್ಟಿಕ್ಕನ್ನು, ಕೊಳ್ಳುವ ಅಗತ್ಯವಿಲ್ಲ. ಮೊದಲ ದಿನ ಸಿಗುವ ಪ್ಲೈವುಡ್ ಚೂರಿನಲ್ಲೇ ಎರಡು ಮಾಡಿ, ಒಂದನ್ನು ಫೆನ್ಸಿಗೇ ತೂಗುಹಾಕಿ.